ಜೌಗಿನ ಬಣ್ಣ

ಡೆರಲ್ ಹೌಟಾಲ ತನ್ನ ಸತ್ತ ತಮ್ಮ ವೆಸ್‌ನ ಕೋವಿಯನ್ನು ಕಪಾಟಿನಿಂದ ತೆಗೆದು ಅಡಿಗೆಮನೆಯ ಮೇಜಿನ ಮೇಲೆ ಇಟ್ಟಾಗ ಅವನ ಹೆಂಡತಿ ಲೊರೀನ್ ಒಲೆಯಿಂದ ಮಾಂಸ ತುಂಬಿದ ಕಡುಬಿನಂಥ ಪಾಸ್ಟಿಗಳ ತಟ್ಟೆ ಇಳಿಸುತ್ತಿದ್ದಳು. ವೆಸ್ ಹೋದ ಮೇಲೆ ಆ ಕೋವಿಯನ್ನು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಷೆರಿಫ್ ಕಚೇರಿಯವರು ಹಿಂದಿರುಗಿಸಿದಾಗ ಕಟ್ಟಿದ್ದ ಚೀಟಿ ಅದರ ಕುದುರೆಯಲ್ಲಿ ಇನ್ನೂ ನೇತಾಡುತ್ತಿತ್ತು. ಡೆರಲ್ ಚಾಕುವಿನಿಂದ ದಾರ ಕತ್ತರಿಸಿ, ಚೀಟಿಯನ್ನು ಮುದುರಿ ಸೌದೆ ಒಲೆಗೆ ಹಾಕಿದ.

"ಇದಕ್ಕೆ ಬಣ್ಣ ಹೊಡೆದುಕೊಡು" ಎಂದ.

ಅವಳು ಮೊದಲು ಎಣ್ಣೆ ಹಚ್ಚುವ ಮಾತು ಎಂದುಕೊಂಡಳು. ಅಡಿಕೆಕಂದಿನ ವಾಲ್ನಟ್ ಮರದ ಹಿಡಿ, ನೀಲಿಗಪ್ಪು ನಳಿಗೆ; ವೆಸ್ ಪ್ರತಿ ಶರತ್ಕಾಲವೂ ಹಳೆಯ ಬನಿಯನ್ನಿನ ತುಂಡಿಗೆ ಎಣ್ಣೆ ಅದ್ದಿ ಅದನ್ನು ಮಗುವಿನ ಬೆನ್ನು ತಿಕ್ಕುವ ಹಾಗೆ ತಿಕ್ಕುತ್ತಿದ್ದ.

"ಬಣ್ಣ ಅಂದ್ರೆ ಎಂಥ ಬಣ್ಣ?"

"ಕಾಡಿನ ಬಣ್ಣ. ಎದುರಿಗಿದ್ರೂ ಕಾಣಬಾರದು, ಹಂಗೆ."

ಲೊರೀನಳ ಕೈಯಲ್ಲಿ ಬಣ್ಣ ಮಾತು ಕೇಳುತ್ತದೆ ಎಂಬುದು ಆ ರಸ್ತೆಯ ಎಲ್ಲರಿಗೂ ಗೊತ್ತು. ವಾರವಿಡೀ ಶಾಲೆಯ ಅಡಿಗೆಮನೆಯಲ್ಲಿ ಸಾರು ಕುದಿಸುವ ಅವಳು, ರಜೆಯ ದಿನಗಳಲ್ಲಿ ತುಕ್ಕು ಹಿಡಿದ ಗರಗಸಗಳ ಅಲಗಿನ ಮೇಲೆ, ಹಳೆಯ ಹಾಲಿನ ಕ್ಯಾನುಗಳ ಮೇಲೆ, ಸರೋವರ, ಹಿಮ ಹೊತ್ತ ಕೊಟ್ಟಿಗೆ, ನೀರು ಕುಡಿಯುವ ಜಿಂಕೆ ಇಂಥವನ್ನು ಬರೆಯುತ್ತಿದ್ದಳು. ಚರ್ಚಿನ ಸಂತೆಗೆ ಅವಳ ಗರಗಸ ಬಂತೆಂದರೆ ಮಧ್ಯಾಹ್ನದೊಳಗೆ ಖಾಲಿ. ಆದರೆ ಕೋವಿಗೆ ಅವಳು ಯಾವತ್ತೂ ಕುಂಚ ತಾಗಿಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೋವಿಗೆ ಬಣ್ಣ ಬಳಿಯುವವರನ್ನು ಕಂಡರೆ ಡೆರಲ್‌ಗೆ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವನ ಜೊತೆ ಹಿಮ ಗುಡಿಸುವ ಲಾರಿ ಓಡಿಸುವ ಆರ್ವಿಡ್, ಎಲೆ ಬಳ್ಳಿ ಬಳಿಸಿಕೊಂಡ ಹೊಸ ಕೋವಿಯನ್ನು ಊರಿನ ಬಾರಿಗೆ ತಂದು ಮೆರೆಸಿದ್ದ. ಆಗ ಡೆರಲ್ ಎಲ್ಲರೆದುರು, "ಜಿಂಕೆ ನಿನ್ನ ಕೋವಿ ನೋಡಿ ಓಡಲ್ಲ ಕಣೋ ಆರ್ವಿಡ್. ನೀನು ನಿನ್ನೆ ತಿಂದ ಈರುಳ್ಳಿ ವಾಸನೆಗೆ ಓಡುತ್ತೆ. ಮೊದಲು ಬಾಯಿಗೆ ಬಣ್ಣ ಹೊಡಿ" ಎಂದು ಹೇಳಿ ಬಾರಿಡೀ ನಗಿಸಿದ್ದ. ವೆಸ್ ಅಂತೂ ಬಿಯರು ಮೂಗಿಗೆ ಏರಿ ಕೆಮ್ಮಿ ಕೆಮ್ಮಿ ಸಾಕಾಗಿದ್ದ.

ಆ ಡೆರಲ್ ಈಗ ಈ ಮಾತು ಆಡುತ್ತಿದ್ದಾನೆ. ಲೊರೀನ್ ಪಾಸ್ಟಿಗಳನ್ನು ತಟ್ಟೆಗೆ ಹಾಕಿದಳು. ವರ್ಷದಿಂದ ಅವನು ಏನನ್ನೂ ಕೇಳಿರಲಿಲ್ಲ. ಉಪ್ಪು ಕೊಡು ಎಂದು ಕೂಡ ಕೇಳುತ್ತಿರಲಿಲ್ಲ, ಉಪ್ಪಿಲ್ಲದೆಯೇ ಉಂಡು ಎದ್ದು ಹೋಗುತ್ತಿದ್ದ. ಈಗ ಒಂದು ಕೇಳುತ್ತಿದ್ದಾನಲ್ಲ, ಮಾಡಿಕೊಟ್ಟರೆ ಮನಸ್ಸು ಸ್ವಲ್ಪ ತೆರೆದೀತು ಎಂದುಕೊಂಡು ಒಪ್ಪಿದಳು.

ವೆಸ್ ಸತ್ತದ್ದು ಹಿಂದಿನ ನವೆಂಬರಿನ ಬೇಟೆಯ ಮೊದಲ ದಿನ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಹೋಗುವುದು ವಾಡಿಕೆ. ಆ ದಿನ ಡೆರಲ್ ಏಳಲಿಲ್ಲ. ಹಿಂದಿನ ಸಂಜೆ ಬಾರಿನಲ್ಲಿ ಕುಡಿದದ್ದು ತಲೆಯಲ್ಲಿ ಇನ್ನೂ ಇತ್ತು. ನೀನು ಹೋಗಿರು, ಹಿಂದೆಯೇ ಬರುತ್ತೇನೆ ಎಂದು ಹಾಸಿಗೆಯಿಂದಲೇ ಹೇಳಿ ಮಗ್ಗುಲಾದ. ವೆಸ್ ಒಬ್ಬನೇ ಹೋಗಿ, ಸುಟ್ಟ ಜೌಗಿನ ಅಂಚಿನಲ್ಲಿ ದೊಡ್ಡದೊಂದು ಗಂಡುಜಿಂಕೆಯನ್ನು ಹೊಡೆದು, ಒಬ್ಬನೇ ಎಳೆಯತೊಡಗಿದ. ಬೆವರು ಕಿತ್ತುಕೊಂಡು ಬಂತೆಂದು, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು ಎಲ್ಲರೂ ತೊಡಲೇಬೇಕಾದ ಕಿತ್ತಳೆ ಬಣ್ಣದ ಕೋಟನ್ನು ಬಿಚ್ಚಿ ಒಂದು ಕೊಂಬೆಗೆ ತಗುಲಿಸಿದ. ಆಚೆ ಬದಿಯಲ್ಲಿ ಕೂತಿದ್ದ ಗಾರ್ತ್ ಟ್ರೂಡೆಲ್‌ಗೆ ಕಂಡದ್ದು ಜೊಂಡಿನ ಮೇಲೆ ಅಲುಗುತ್ತ ಹೋಗುವ ಕೊಂಬುಗಳು ಮಾತ್ರ. ಒಂದೇ ಗುಂಡು.

ಗಾರ್ತ್ ಹೊರಗಿನವನಲ್ಲ. ಅದೇ ರಸ್ತೆಯ ಕೊನೆಯ ಮನೆಯವನು, ಶನಿವಾರ ಶನಿವಾರ ಇವರ ಹಬೆಮನೆ ಸೌನಾದಲ್ಲಿ ಮೈ ಬೆವರಿಸಿಕೊಂಡು ಇವರ ಕಾಫಿ ಕುಡಿದವನು, ವೆಸ್ ಹುಡುಗನಾಗಿದ್ದಾಗ ಅವನಿಗೆ ಬೋನು ಒಡ್ಡುವುದನ್ನು ಕಲಿಸಿದವನು. ನ್ಯಾಯಾಲಯದಲ್ಲಿ ತಪ್ಪು ನನ್ನದು ಎಂದಷ್ಟೇ ಹೇಳಿ ಕೂತ. ವಕೀಲ ಉಳಿದದ್ದನ್ನೆಲ್ಲ ಹೇಳಿದ. ಕೌಂಟಿ ಜೈಲಿನಲ್ಲಿ ಕೆಲವು ತಿಂಗಳು, ಬೇಟೆಯ ಪರವಾನಗಿ ರದ್ದು, ಅಷ್ಟೇ. ಬೇಸಿಗೆಗೆ ಅವನು ಮನೆಗೆ ಬಂದ. ಅವನ ಹಳೆಯ ಪಿಕಪ್ಪು ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಡೆರಲ್ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಸದ್ದು ಪೂರ್ತಿ ಅಡಗುವ ತನಕ ಅಲುಗದೆ ನಿಲ್ಲುತ್ತಿದ್ದ.

ಬಣ್ಣದ ಕೆಲಸ ಗ್ಯಾರೇಜಿನಲ್ಲಿ ಶುರುವಾಯಿತು. ಲೊರೀನ್ ಕೋವಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ವೆಸ್ ಹಚ್ಚಿದ್ದ ಎಣ್ಣೆಯನ್ನೆಲ್ಲ ತೆಗೆದಳು. ಎಷ್ಟು ಒರೆಸಿದರೂ ಬಟ್ಟೆಗೆ ಕಂದು ಬಣ್ಣ ಬರುತ್ತಲೇ ಇತ್ತು. ನಳಿಗೆಯ ಬಾಯಿ, ಗುರಿ ನೋಡುವ ದುರ್ಬೀನಿನ ಎರಡು ಕಣ್ಣು, ತೋಟಾ ಸೇರಿಸುವ ಬಾಗಿಲು, ಎಲ್ಲಕ್ಕೂ ಅಂಟುಪಟ್ಟಿ ಸುತ್ತಿದಳು. ತೊಲೆಯಿಂದ ತಂತಿ ಇಳಿಬಿಟ್ಟು ಕೋವಿಯನ್ನು ಅಡ್ಡಲಾಗಿ ತೂಗುಹಾಕಿದಳು. ಮೊದಲ ಕೈ ಒಣಹುಲ್ಲಿನ ಬಣ್ಣ, ಹೊಳಪಿಲ್ಲದ್ದು. ಡಬ್ಬಿಯಿಂದ ಬಣ್ಣ ಬುಸುಗುಟ್ಟಿ ವಾಲ್ನಟ್ಟಿನ ಸುಳಿಗಳ ಮೇಲೆ ಕೂತಿತು. ಒಂದು ಮುಖವನ್ನು ಬಟ್ಟೆಯಿಂದ ಮುಚ್ಚಿದಂತೆ ಆ ಮರ ಇಲ್ಲವಾಯಿತು.

ಅವಳು ಅಂದುಕೊಂಡಿದ್ದದ್ದು ಕಂದು, ಹಸಿರು, ಸ್ವಲ್ಪ ಬೂದಿ. ಡೆರಲ್‌ನ ಮಚಾನು ಇದ್ದದ್ದು ಮೇಪಲ್ ಮರಗಳ ದಿಣ್ಣೆಯ ಮೇಲೆ, ಅಲ್ಲಿನ ನವೆಂಬರು ಹಾಗಿರುತ್ತದೆ. ಆದರೆ ಮಾರನೆಯ ದಿನ ಕೆಲಸದಿಂದ ಬಂದ ಡೆರಲ್ ಒಂದು ಗೋಣಿಚೀಲವನ್ನು ಅವಳ ಮುಂದೆ ಸುರಿದ. ಉದ್ದನೆಯ ಬಿಳಚಿದ ಜೊಂಡು, ಮರಕ್ಕೆ ಗಡ್ಡದ ಹಾಗೆ ಜೋತುಬೀಳುವ ಬೂದುಹಸಿರು ಪಾಚಿ, ಇದ್ದಿಲಾಗಿದ್ದ ಸೀಡರ್ ತೊಗಟೆಯ ಚೂರುಗಳು.

"ಈ ಬಣ್ಣಗಳೇ ಬೇಕು. ಹಸಿರು ಬೇಡ" ಎಂದ.

ಅವಳು ತೊಗಟೆಯ ಒಂದು ಚೂರನ್ನು ಕೈಗೆತ್ತಿಕೊಂಡಳು. ಬೆರಳು ಕಪ್ಪಾಯಿತು. ಸಿಡಿಲು ಹೊಡೆದು ಸುಟ್ಟ ಸೀಡರುಗಳು ಆ ಸುತ್ತಿನಲ್ಲಿ ಇದ್ದದ್ದು ಒಂದೇ ಕಡೆ. ವಸಂತದಲ್ಲಿ ಹಿಮ ಕರಗಿದಾಗ ವೆಸ್ ಬಿದ್ದ ಜಾಗಕ್ಕೆ ಮರದ ಶಿಲುಬೆ ನೆಡಲು ಅವಳು ಹೋದದ್ದು ಆ ಜೌಗಿಗೇ, ಗಾರ್ತ್ ಟ್ರೂಡೆಲ್‌ನ ಜಮೀನಿನ ಹಿಂಬದಿಗೆ.

ಈ ಸಲ ದಿಣ್ಣೆಗೆ ಹೋಗುವುದಿಲ್ಲವೇ ಎಂದು ಕೇಳಿದಳು. ದಿಣ್ಣೆಯಲ್ಲಿ ಜಿಂಕೆ ಕಡಿಮೆ ಎಂದ. ಅಷ್ಟೇ.

ಲೊರೀನ್ ಕೆಲಸ ಮುಂದುವರಿಸಿದಳು. ಜೊಂಡಿನ ಎಸಳುಗಳನ್ನು ನಳಿಗೆಯ ಮೇಲೆ ಓರೆಯಾಗಿ ಇಟ್ಟು ಮೇಲಿಂದ ಕಡುಬೂದಿ ಊದಿದಳು. ಎಸಳು ಎತ್ತಿದಾಗ ಅದರ ಬಿಳಚು ನೆರಳು ಉಳಿಯಿತು. ಈರುಳ್ಳಿ ಬರುವ ಬಲೆಚೀಲವನ್ನು ಹಿಡಿಗೆ ಸುತ್ತಿ ಕಪ್ಪು ಊದಿದಾಗ ಸುಟ್ಟ ತೊಗಟೆಯ ಬಿರುಕುಗಳು ಮೂಡಿದವು. ಸ್ಪಂಜಿನ ಚೂರಿನಿಂದ ಪಾಚಿಯ ಬಣ್ಣವನ್ನು ಅಲ್ಲಲ್ಲಿ ಒತ್ತಿದಳು. ಮನಸ್ಸು ಬೇಡವೆಂದರೂ ಕೈ ಕೇಳಲಿಲ್ಲ. ಒಳ್ಳೆಯ ಕೆಲಸ ಮಾಡಿ ರೂಢಿಯಾದ ಕೈಗೆ ಕೆಟ್ಟ ಕೆಲಸ ಮಾಡಲು ಬರುವುದಿಲ್ಲ, ಅದೇ ಅವಳ ದುರದೃಷ್ಟ. ಪ್ರತಿ ಸಂಜೆ ಡೆರಲ್ ಬಂದು, ಕೋವಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಇಲ್ಲಿ ಇನ್ನಷ್ಟು ಬೂದಿ, ಇಲ್ಲಿ ಇಷ್ಟು ಕಪ್ಪು ಬೇಡ ಎಂದು ಬೆರಳು ತೋರಿಸುತ್ತಿದ್ದ. ದುರ್ಬೀನಿನ ಕೊಳವೆಯ ಅಂಚಿನಲ್ಲಿ ಉಗುರಿನಷ್ಟು ಕಬ್ಬಿಣ ಹೊಳೆಯುತ್ತಿದ್ದದ್ದನ್ನೂ ಬಿಡಲಿಲ್ಲ.

ಕೊನೆಯ ಕೈ ಒಣಗಿದ ಭಾನುವಾರ, ಚರ್ಚಿನಿಂದ ಬಂದ ಮೇಲೆ, ಅವನು ಅವಳನ್ನು ಹಿತ್ತಲಿಗೆ ಕರೆದ. ಸೌದೆ ಕೊಟ್ಟಿಗೆಯ ಮುಂದೆ ಮರ ಸೀಳುವ ದಿಮ್ಮಿಯೊಂದಿತ್ತು. ಅದನ್ನು ತೋರಿಸಿ ಕೂತ್ಕೋ ಎಂದ. ಅವಳು ಕೂತಳು. ಚರಂಡಿಯ ಕಡೆ ಮುಖ ಮಾಡು ಎಂದ, ಮಾಡಿದಳು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಬಿಟ್ಟು ತೆರೆ ಎಂದ. ಅವಳು ಕಣ್ಣು ತೆರೆದಾಗ ಎದುರಿಗೆ ಚರಂಡಿಯುದ್ದಕ್ಕೂ ಬೆಳೆದಿದ್ದ ಜೊಂಡು ಮಾತ್ರ ಇತ್ತು. ಗಾಳಿಗೆ ತಲೆ ಆಡಿಸುತ್ತಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾವಕಾಶವಾಗಿ ನೋಡಿದಳು, ಮತ್ತೆ ನೋಡಿದಳು.

"ಕಾಣ್ತಾ?" ಡೆರಲ್‌ನ ದನಿ ಬಂತು, ಅವಳು ನೆನೆಸಿದ್ದಕ್ಕಿಂತ ತೀರ ಹತ್ತಿರದಿಂದ.

"ಇಲ್ಲ."

ಮಾಸಿದ ಹುಲ್ಲುಬಣ್ಣದ ಕೋಟಿನಲ್ಲಿ ಅವನು ಜೊಂಡಿನಿಂದ ಎದ್ದು ನಿಂತ. ನಗುತ್ತಿದ್ದ. ವೆಸ್ ಹೋದ ಮೇಲೆ ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು. ಆ ನಗುವಿಗಾಗಿ ವರ್ಷವಿಡೀ ಪ್ರಾರ್ಥನೆ ಮಾಡಿದ್ದಳು. ಈಗ ಅದು ಬಂದಾಗ ಮುಖ ತಿರುಗಿಸಿದಳು. ಅವಳು ಕೂತಲ್ಲಿಂದ ಏಳದೆ ಕೇಳಿದಳು:

"ಜಿಂಕೆ ಹೀಗೆ ದಿಮ್ಮಿ ಮೇಲೆ ಕೂತ್ಕೊಂಡು ನೋಡುತ್ತಾ, ಡೆರಲ್?"

ಅವನು ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಒಳಗೆ ಹೋದ.

ಷೆರಿಫ್ ಕಚೇರಿಗೆ ಹೋಗಿ ಹೇಳೋಣವೆಂದು ಲೊರೀನ್ ಸೋಮವಾರ ಪಟ್ಟಣದ ದಾರಿ ಹಿಡಿದು, ಅರ್ಧಕ್ಕೇ ಕಾರು ತಿರುಗಿಸಿದಳು. ಏನೆಂದು ಹೇಳುವುದು? ಗಂಡ ಕೋವಿಗೆ ಬಣ್ಣ ಹೊಡೆಸಿದ್ದಾನೆ ಎಂದೇ? ಈ ಊರಿನಲ್ಲಿ ಅದು ಅಪರಾಧವಲ್ಲ. ನನ್ನನ್ನು ದಿಮ್ಮಿಯ ಮೇಲೆ ಕೂರಿಸಿದ ಎಂದೇ? ಮೇಜಿನ ಆಚೆ ಕೂತ ಹುಡುಗ ಕಾಫಿ ಕೊಟ್ಟು ಕಳಿಸುತ್ತಿದ್ದ. ಅವಳು ನೇರವಾಗಿ ರಸ್ತೆಯ ಕೊನೆಯ ಮನೆಗೆ ಹೋದಳು.

ಗಾರ್ತ್ ಅಂಗಳದಲ್ಲಿ ಸೌದೆ ಸೀಳುತ್ತಿದ್ದ. ಜೈಲಿನಿಂದ ಬಂದ ಮೇಲೆ ಅವಳು ಅವನನ್ನು ಹತ್ತಿರದಿಂದ ನೋಡಿರಲಿಲ್ಲ. ಅಂಗಿಯ ಕತ್ತುಪಟ್ಟಿಯೊಳಗೆ ಕತ್ತು ಸಡಿಲವಾಗಿತ್ತು. ಅವಳನ್ನು ಕಂಡು ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಅವಳು ಬಂದ ವಿಷಯ ಹೇಳತೊಡಗಿದಾಗ ಅವನು ನಡುವೆಯೇ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು. ಜೊಂಡು ಮುರಿದಿರುವುದನ್ನು, ಕೆಸರಿನಲ್ಲಿ ಮೊಣಕಾಲು ಊರಿದ ಗುರುತನ್ನು ಅವನು ಮೊದಲೇ ನೋಡಿದ್ದ. ಜೈಲಿನಿಂದ ಬಂದಂದಿನಿಂದ ಅವನು ಬೆಳಗಾದರೆ ಹೋಗಿ ಕೂರುತ್ತಿದ್ದದ್ದು ವೆಸ್ ಬಿದ್ದ ಜಾಗದ ಪಕ್ಕದ ಒಂದು ಸುಟ್ಟ ಬೊಡ್ಡೆಯ ಮೇಲೆ.

"ಅಲ್ಯಾಕೆ ಹೋಗಿ ಕೂತ್ಕೋತೀಯ?"

"ಮನೇಲಿದ್ರೆ ಆ ಗುಂಡಿನ ಸದ್ದು ಕೇಳ್ತಾ ಇರುತ್ತೆ" ಎಂದ ಗಾರ್ತ್. "ಅಲ್ಲಿ ಕೂತ್ರೆ ಕೇಳಲ್ಲ. ಯಾಕೋ ಗೊತ್ತಿಲ್ಲ."

"ಬೇಟೆ ಶುರುವಾದ ಮೇಲೂ ಹೋಗ್ತೀಯಾ? ಈ ಕಂದು ಕೋಟು ಹಾಕ್ಕೊಂಡು?"

"ಹೋಗ್ತೀನಿ."

"ಅವನು ಹೊಡೆದ್ರೆ, ಜಿಂಕೆ ಅಂದ್ಕೊಂಡೆ ಅಂತಾನೆ. ಕಿತ್ತಳೆ ಕೋಟು ಇರಲಿಲ್ಲ ಅಂತಾನೆ."

"ನಾನೂ ಅದನ್ನೇ ಅಂದಿದ್ದು" ಎಂದ ಅವನು, ಟೊಪ್ಪಿಗೆಯನ್ನು ತಿರುಗಿಸುತ್ತ. "ಜನ ನಂಬಿದ್ರು. ನಿಜಾನೂ ಆಗಿತ್ತು."

ಲೊರೀನ್‌ಗೆ ತಟ್ಟನೆ ಸಿಟ್ಟು ಬಂತು. ಇಬ್ಬರು ಗಂಡಸರು, ಒಬ್ಬ ಕೊಲ್ಲಲು ಸಿದ್ಧ, ಇನ್ನೊಬ್ಬ ಸಾಯಲು ಸಿದ್ಧ, ಮದುವೆಯ ಮಾತು ಮುಗಿಸಿಕೊಂಡ ಬೀಗರ ಹಾಗೆ ಒಳಗೊಳಗೇ ಒಪ್ಪಿಕೊಂಡಿದ್ದಾರೆ.

"ನೀನು ಸತ್ತು ಹಗುರಾಗ್ತೀಯ. ಅವನು ಕೊಂದು ಹಗುರಾಗ್ತಾನೆ. ಆ ಕೋವಿಗೆ ಬಣ್ಣ ಹೊಡೆದವಳು ನಾನು ಗಾರ್ತ್. ಉಳಿದ ಆಯಸ್ಸೆಲ್ಲಾ ನಾನೇನು ಮಾಡ್ಲಿ? ಹೇಳು."

ಗಾರ್ತ್ ದಿಮ್ಮಿಯಿಂದ ಕೊಡಲಿ ಕಿತ್ತುಕೊಂಡ. ಚಳಿ ಜಾಸ್ತಿಯಾಗುತ್ತಿದೆ, ಮನೆಗೆ ಹೋಗು ಎಂದ.

ಬೇಟೆಯ ಮೊದಲ ದಿನ ಬೆಳಕು ಹರಿಯುವ ಮುಂಚೆ ಡೆರಲ್ ಎದ್ದ. ಲೊರೀನ್ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಅವನ ಸದ್ದುಗಳನ್ನು ಕೇಳಿದಳು. ಕಾಫಿ ಬಗ್ಗಿಸಿದ್ದು, ಬೂಟಿನ ದಾರ ಬಿಗಿದದ್ದು, ತೋಟಾಗಳ ಪೆಟ್ಟಿಗೆ ತೆರೆದದ್ದು. ಬಾಗಿಲ ಪಕ್ಕದ ಗೂಟದಿಂದ ಕಿತ್ತಳೆ ಕೋಟು ಎಳೆದುಕೊಳ್ಳುವ ಸರಸರ ಸದ್ದಿಗಾಗಿ ಉಸಿರು ಹಿಡಿದು ಕಾದಳು. ಅದು ಬರಲಿಲ್ಲ. ಬಾಗಿಲು ಮುಚ್ಚಿತು. ಗಾಡಿಯೂ ಹೊರಡಲಿಲ್ಲ, ಕಾಲ್ನಡಿಗೆಯಲ್ಲಿ ಹೋದ.

ಅವಳು ಎದ್ದು, ಒಂದರ ಮೇಲೊಂದು ಎರಡು ಸ್ವೆಟರು ಹಾಕಿ, ಥರ್ಮಾಸಿಗೆ ಉಳಿದ ಕಾಫಿ ಸುರಿದಳು. ಗೂಟದಲ್ಲಿ ಎರಡು ಕಿತ್ತಳೆ ಕೋಟುಗಳಿದ್ದವು. ವೆಸ್‌ನ ಕೋಟನ್ನು ತೆಗೆದು ತೊಟ್ಟಳು. ಅದರಲ್ಲಿ ಒಂದು ತೂತೂ ಇರಲಿಲ್ಲ, ರಕ್ತದ ಕಲೆಯೂ ಇರಲಿಲ್ಲ. ಜೇಬಿನಲ್ಲಿ ಪುದೀನ ಮಿಠಾಯಿಯ ಕಾಗದವೊಂದು ಕೈಗೆ ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟಳು.

ಅವಳು ಗಾರ್ತ್‌ನ ಹೊಲದ ಬದಿಯಿಂದ ಜೌಗಿಗೆ ಇಳಿಯುವಾಗ ಪೂರ್ವದಲ್ಲಿ ಬೂದಿಬೆಳಕು ಮೂಡಿತ್ತು. ತೆಳ್ಳನೆಯ ಮಂಜುಗಡ್ಡೆ ಕಾಲಡಿ ಚಿಟಿಚಿಟಿ ಒಡೆಯುತ್ತಿತ್ತು. ಅವಳು ಬೇಕೆಂದೇ ಸದ್ದು ಮಾಡುತ್ತ ನಡೆದಳು. ಗಾರ್ತ್ ಬೊಡ್ಡೆಯ ಮೇಲೆ ಕಂದು ಕೋಟಿನಲ್ಲಿ ಕೂತಿದ್ದ, ಕೈಗಳು ತೊಡೆಯ ಮೇಲೆ, ಅವಳು ನೆಟ್ಟಿದ್ದ ಶಿಲುಬೆಯಿಂದ ಮಾರು ದೂರದಲ್ಲಿ. ಅವಳನ್ನು ಕಂಡು ಅವನ ಮುಖ ಕೆಟ್ಟಿತು.

"ಹೋಗು ಇಲ್ಲಿಂದ" ಎಂದ ಮೆಲ್ಲಗೆ.

ಅವಳು ಅವನ ಪಕ್ಕದಲ್ಲಿ, ಬೊಡ್ಡೆಯ ಉಳಿದ ಅಂಚಿನಲ್ಲಿ ಕೂತಳು. ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಉಣ್ಣೆಯ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟು, ನೆರೆತ ಕೂದಲು ಕಾಣುವ ಹಾಗೆ ತಲೆ ಎತ್ತಿ ಕೂತಳು.

ಎದುರಿಗೆ ಸುಟ್ಟ ಜೌಗು. ಬಿಳಚಿದ ಜೊಂಡು, ಅದರ ನಡುವೆ ಕಪ್ಪು ಮೋಟುಗಳು, ಅವುಗಳಿಂದ ಜೋತ ಬೂದಿ ಪಾಚಿ. ಆ ಬಣ್ಣಗಳಲ್ಲಿ ಒಂದೊಂದನ್ನೂ ಅವಳು ಕೈಯಾರೆ ಕಲಸಿದ್ದಳು. ಅವನು ಇಲ್ಲೇ ಎಲ್ಲೋ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಮೋಟಿನಿಂದ ಮೋಟಿಗೆ, ಒಂದು ಜೊಂಡಿನ ತೆಂಡೆಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಳು. ಏನೂ ಇಲ್ಲ. ಕಣ್ಣು ನೋಯುವ ತನಕ ಹುಡುಕಿದಳು. ಇಷ್ಟು ಚೆನ್ನಾಗಿ ಯಾಕಾದರೂ ಮಾಡಿದೆ ಎಂದು ತನ್ನ ಕೈಗಳನ್ನೇ ಶಪಿಸಿಕೊಂಡಳು.

ದೂರದ ದಿಣ್ಣೆಗಳಲ್ಲಿ ಮೊದಲ ಗುಂಡುಗಳು ಹಾರತೊಡಗಿದವು. ಪ್ರತಿ ಸದ್ದಿಗೂ ಗಾರ್ತ್‌ನ ಹೆಗಲು ಅವಳ ಹೆಗಲಿಗೆ ತಾಗಿ ಅದುರುತ್ತಿತ್ತು. ಒಂದು ಹೆಣ್ಣುಜಿಂಕೆ ಸೀಡರುಗಳ ಸಂದಿಯಿಂದ ಹೊರಬಂದು, ಇವರಿಬ್ಬರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಜೌಗಿನ ನಡುವಿನವರೆಗೆ ನಡೆದು ಬಂತು. ಅಲ್ಲಿ ಥಟ್ಟನೆ ನಿಂತಿತು. ಮುಂಗಾಲಿನಿಂದ ನೆಲ ಕುಟ್ಟಿತು, ಮೂಗಿನಿಂದ ಜೋರಾಗಿ ಉಸಿರು ಬುಸುಗುಟ್ಟಿಸಿ, ಬಾಲ ಎತ್ತಿ ಹಾರಿ ಹೋಯಿತು. ಅದು ದಿಟ್ಟಿಸಿದ್ದ ಕಡೆಗೆ ಲೊರೀನ್ ತಿರುಗಿದಳು. ಅಲ್ಲಿ ಜೊಂಡಲ್ಲದೆ ಏನೂ ಕಾಣಲಿಲ್ಲ. ಆದರೂ ಅವಳು ಬೊಡ್ಡೆಯಿಂದ ಎದ್ದು, ಆ ದಿಕ್ಕಿಗೂ ಗಾರ್ತ್‌ಗೂ ನಡುವೆ ಬರುವ ಹಾಗೆ ಹೆಪ್ಪುಗಟ್ಟಿದ ಪಾಚಿಯ ಮೇಲೆ ಕೂತಳು.

"ಲೊರೀನ್, ಸರಿದು ಕೂತ್ಕೋ" ಎಂದ ಗಾರ್ತ್ ಹಿಂದಿನಿಂದ. ಅವನ ದನಿಯಲ್ಲಿ ಆ ತನಕ ಇರದಿದ್ದ ಹೆದರಿಕೆ ಇತ್ತು. "ಗುಂಡು ನಿನಗೆ ಬೀಳುತ್ತೆ."

ಅವಳು ಸರಿಯಲಿಲ್ಲ. ಕಾಲುಗಳು ಮೊದಲು ನೋಯುತ್ತಿದ್ದವು, ಆಮೇಲೆ ಅವು ಇವೆಯೆಂಬುದೇ ತಿಳಿಯದಾಯಿತು. ಸೂರ್ಯ ಮೋಡದ ಹಿಂದೆಯೇ ಮೇಲೇರಿದ. ಅವಳ ಮನಸ್ಸಿಗೆ ವಿಚಿತ್ರ ಯೋಚನೆಗಳು ಬಂದವು: ಒಲೆಗೆ ಸೌದೆ ಹಾಕಿ ಬಂದೆನೇ, ಶಾಲೆಯ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚಿತ್ತೇ. ದುರ್ಬೀನಿನಲ್ಲಿ ಅವನಿಗೆ ತನ್ನ ಮುಖ ಎಷ್ಟು ದೊಡ್ಡದಾಗಿ ಕಾಣುತ್ತಿರಬಹುದು ಎಂದೂ ಯೋಚಿಸಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಚಳಿಗೋ ಏನೋ, ಅದನ್ನು ಒರೆಸಿಕೊಳ್ಳಲಿಲ್ಲ. ಕೈ ಅಲುಗಿಸಲು ಹೆದರಿಕೆಯಾಗುತ್ತಿತ್ತು.

ಕೊನೆಗೆ ಜೊಂಡು ಎದ್ದು ನಿಂತಿತು. ಹಾಗೇ ಕಂಡಿತು ಅವಳಿಗೆ. ಅವಳು ಎಷ್ಟೋ ಸಲ ಕಣ್ಣು ಹಾಯಿಸಿ ದಾಟಿಹೋಗಿದ್ದ ತೆಂಡೆಯಿಂದ, ಕಲ್ಲೆಸೆದರೆ ತಾಗುವಷ್ಟು ಹತ್ತಿರದಿಂದ, ಡೆರಲ್ ಮೊಣಕಾಲುಗಳ ಕೆಸರಿನೊಂದಿಗೆ ಎದ್ದ. ಕೋವಿ ಅವನ ಕೈಯಲ್ಲಿತ್ತು, ನಳಿಗೆ ನೆಲಕ್ಕೆ ಇಳಿದಿತ್ತು. ತುಟಿಗಳು ನೀಲಿಗಟ್ಟಿದ್ದವು. ಅವನು ನಡೆದು ಬಂದು ಶಿಲುಬೆಯ ಆಚೆಗೆ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

"ಅವನು ಏನಾದ್ರೂ ಅಂದ್ನಾ?" ಎಂದು ಗಾರ್ತ್‌ನನ್ನು ಕೇಳಿದ.

ಗಾರ್ತ್‌ಗೆ ಮೊದಲು ಅರ್ಥವಾಗಲಿಲ್ಲ.

"ವೆಸ್. ನೀನು ಓಡಿ ಬಂದಾಗ. ಏನಾದ್ರೂ ಅಂದ್ನಾ? ನಾನೆಲ್ಲಿ ಅಂತ ಕೇಳಿದ್ನಾ?"

ಲೊರೀನ್‌ಗೆ ಆಗ ತಿಳಿಯಿತು, ವರ್ಷವಿಡೀ ಉಪ್ಪಿಲ್ಲದೆ ಉಂಡ ಮನುಷ್ಯನ ಬಾಯಲ್ಲಿ ಇದ್ದ ಮಾತು ಇದು ಎಂದು. ಹಾಸಿಗೆಯಿಂದ ಏಳದ ಆ ಬೆಳಗನ್ನು ಅವನು ಒಬ್ಬನೇ ಹೊತ್ತು ತಿರುಗಿದ್ದ. ಗಾರ್ತ್ ನಿಜವನ್ನೇ ಹೇಳಿದ:

"ಇಲ್ಲ. ನಾನು ಬರೋ ಹೊತ್ತಿಗೆ ಮುಗಿದಿತ್ತು. ಕಣ್ಣು ತೆರೆದಿತ್ತು, ಅಷ್ಟೇ."

ಡೆರಲ್ ಶಿಲುಬೆಯ ಮೇಲಿನ ಮಂಜನ್ನು ಕೈಯಿಂದ ಒರೆಸಿದ.

"ಸುಳ್ಳಾದ್ರೂ ಹೇಳಬಾರ್ದಿತ್ತಾ" ಎಂದ.

"ಹೇಳಬಹುದಿತ್ತು" ಎಂದ ಗಾರ್ತ್. "ಎಷ್ಟೋ ಸಲ ಯೋಚನೆ ಮಾಡಿದ್ದೆ. ನಿನ್ನ ಮುಖ ನೋಡಿ ಆಗ್ಲಿಲ್ಲ."

ಡೆರಲ್ ತಿರುಗಿ ಜೊಂಡಿನ ನಡುವೆ ನಡೆದು ಹೋದ. ಬೆನ್ನಿಗೆ ಏರಿಸಿಕೊಂಡ ಕೋವಿ ಸ್ವಲ್ಪ ದೂರದಲ್ಲೇ ಕಾಣದಾಯಿತು. ಅವನ ತಲೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತು. ಲೊರೀನ್‌ಗೆ ಏಳಲಾಗಲಿಲ್ಲ. ಗಾರ್ತ್ ಅವಳ ಬೂಟು ಬಿಚ್ಚಿ, ಪಾದಗಳನ್ನು ತನ್ನ ಕಂದು ಕೋಟಿನಲ್ಲಿ ಸುತ್ತಿ ತಿಕ್ಕಿ, ರಕ್ತ ಹರಿಯುವ ತನಕ ಬಿಡಲಿಲ್ಲ.

ಆ ದಿನ ಅವಳು ಮನೆಗೆ ಬಂದಾಗ ಡೆರಲ್ ಸೌನಾದ ಒಲೆ ಹೊತ್ತಿಸಿಟ್ಟಿದ್ದ. ಅವಳಿಗೆ ಮೊದಲು ಹೋಗು ಎಂದ. ಆಮೇಲೆ ಊಟದ ಮೇಜಿನಲ್ಲಿ ತಟ್ಟೆ ನೋಡುತ್ತಲೇ, ನಾಳೆ ನೀನು ಬರಬೇಡ ಎಂದ. ನೀನು ಹೋದರೆ ನಾನೂ ಹೋಗುವವಳೇ ಎಂದಳು ಅವಳು. ಮಾರನೆಯ ಬೆಳಿಗ್ಗೆ ಅವನು ಹೋಗಲಿಲ್ಲ. ಆದರೂ ಲೊರೀನ್ ಹೋದಳು, ಬೇಟೆಯ ಕಾಲ ಮುಗಿಯುವ ತನಕ ಶಾಲೆಗೆ ರಜೆ ಹಾಕಿ ಹೋಗಿ ಗಾರ್ತ್‌ನ ಪಕ್ಕದಲ್ಲಿ ಕೂತಳು. ಊರು ಮಾತಾಡಿತು. ಮಾತಾಡಲಿ ಎಂದು ಬಿಟ್ಟಳು. ಮನುಷ್ಯನ ಮನಸ್ಸು ಒಂದು ದಿನದಲ್ಲಿ ತಿಳಿಯಾಗುತ್ತದೆಂದು ಅವಳು ನಂಬುವವಳಲ್ಲ.

ಚಳಿಗಾಲ ದೀರ್ಘವಾಗಿತ್ತು. ಡೆರಲ್ ಹಿಮದ ಲಾರಿ ಓಡಿಸಿದ, ಬಂದ, ಉಂಡ, ಮಲಗಿದ. ಒಂದೊಂದು ದಿನ ವೆಸ್ ಬಗ್ಗೆ ಒಂದೊಂದು ಮಾತು ಆಡುತ್ತಿದ್ದ. ಒಮ್ಮೆ, ನಾನು ಎದ್ದಿದ್ದರೆ ಜಿಂಕೆಯನ್ನು ಇಬ್ಬರೂ ಎಳೆಯುತ್ತಿದ್ದೆವು, ಅವನಿಗೆ ಬೆವರೇ ಬರುತ್ತಿರಲಿಲ್ಲ ಎಂದ. ಹೇಳಿ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಲೊರೀನ್ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ಆದರೆ ಅವನು ಕೋವಿಯ ಕಪಾಟಿನ ಬಳಿ ಸುಳಿದರೆ ಅವಳ ಕಿವಿ ನಿಮಿರುತ್ತಿತ್ತು. ಅದು ಹೋಗಲಿಲ್ಲ.

ಏಪ್ರಿಲಿನಲ್ಲಿ ಟರ್ಕಿ ಕಾಡುಕೋಳಿಯ ಬೇಟೆ ಶುರುವಾದಾಗ ಡೆರಲ್ ಬಣ್ಣದ ಕೋವಿಯನ್ನು ಮುಟ್ಟದೆ, ಅಪ್ಪನ ಕಾಲದ ಚರೆಕೋವಿ ತೆಗೆದ. ದಿಣ್ಣೆಗೆ ಹೋಗಿ ಬರುತ್ತೇನೆ ಎಂದ. ಲೊರೀನ್ ಕೋಟಿಗೆ ಕೈ ಚಾಚಿ, ಅವನ ಮುಖ ನೋಡಿ, ಕೈ ಹಿಂದೆ ತೆಗೆದುಕೊಂಡಳು. ಒಂದಲ್ಲ ಒಂದು ದಿನ ಅವನನ್ನು ಒಬ್ಬನೇ ಬಿಡಲೇಬೇಕಿತ್ತು. ಅವನು ಹೋದ ಮೇಲೆ ಪಾತ್ರೆ ತೊಳೆಯಲು ನಿಂತಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಗುಂಡಿನ ಸದ್ದು ಬಂತು. ಒಂದೇ. ಅವಳು ನಲ್ಲಿ ನಿಲ್ಲಿಸಿದಳು. ಹಿಮ ಕರಗುವ ಕಾಲದಲ್ಲಿ ಸದ್ದು ನೀರಿನ ಮೇಲೆ ಜಾರಿ ಬರುತ್ತದೆ, ದಿಕ್ಕು ಹೇಳಲಾಗುವುದಿಲ್ಲ. ದಿಣ್ಣೆಯ ಕಡೆಯಿಂದ ಬಂದಿತೆಂದೂ ಅನಿಸಿತು, ಜೌಗಿನ ಕಡೆಯಿಂದ ಬಂದಿತೆಂದೂ ಅನಿಸಿತು. ಒದ್ದೆ ಕೈಯಲ್ಲೇ ಹೋಗಿ ಮೆಟ್ಟಿಲ ಮೇಲೆ ನಿಂತಳು. ರಸ್ತೆ ಖಾಲಿ ಇತ್ತು. ನಿಂತೇ ಇದ್ದಳು.

ಡೆರಲ್ ದಿಣ್ಣೆಯ ದಾರಿಯಿಂದ ಬಂದ, ದೊಡ್ಡದೊಂದು ಕೋಳಿಯನ್ನು ಕಾಲು ಹಿಡಿದು ತೂಗಾಡಿಸುತ್ತ. ಅಂಗಳದಲ್ಲಿದ್ದ ಒಂದು ದಿಮ್ಮಿಯ ಮೇಲೆ ಅದನ್ನು ಹಾಕಿ, ಕೂತು ರೆಕ್ಕೆಪುಕ್ಕ ಕೀಳತೊಡಗಿದ. ಅವಳು ಇನ್ನೂ ಮೆಟ್ಟಿಲ ಮೇಲೆಯೇ ಇದ್ದಳು. ಸ್ವಲ್ಪ ಹೊತ್ತಿಗೆ ರಸ್ತೆಯ ಕೊನೆಯಿಂದ ಗಾರ್ತ್‌ನ ಪಿಕಪ್ಪು ಸೌದೆ ತುಂಬಿಕೊಂಡು ಬಂತು. ಮನೆಯ ಮುಂದೆ ಬಂದಾಗ ಸ್ಟಿಯರಿಂಗಿನ ಮೇಲಿಂದ ಗಾರ್ತ್‌ನ ಒಂದು ಬೆರಳು ಮೇಲೆದ್ದಿತು, ಆ ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಎತ್ತುವ ಹಾಗೆ. ಡೆರಲ್ ಕೈ ಎತ್ತಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಆದರೆ ಪುಕ್ಕ ಕೀಳುವುದನ್ನು ನಿಲ್ಲಿಸಲಿಲ್ಲ. ಪಿಕಪ್ಪು ತಿರುವು ದಾಟಿ ಸದ್ದು ಅಡಗಿದಾಗಲೂ ಅವನ ಕೈ ಕೆಲಸ ಮಾಡುತ್ತಲೇ ಇತ್ತು. ಗಾಳಿಗೆ ಕಂದು ಗರಿಗಳು ಅಂಗಳದ ತುಂಬ ಹಾರಾಡಿದವು.

"ನೀರು ಕಾಯಿಸು" ಎಂದ ಅವನು. "ಸಣ್ಣ ಪುಕ್ಕ ಹಾಗೇ ಬರ್ತಿಲ್ಲ."

ಲೊರೀನ್ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು.